ಬಿಕೋ ಎನ್ನುವ ನೆಲ, ಬ್ಲೀಕ್ ಎನ್ನುವ ಮಾತು

ಮೇ ತಿಂಗಳ ಒಂದು ಮಧ್ಯಾಹ್ನ ಆಫೀಸ್ ಕೆಲಸಕ್ಕೆಂದು ನಾಶಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೊರಟಿದ್ದೆವು. ನಿಫಾಡದ ದ್ರಾಕ್ಷಿ ತೋಟಗಳು ಹಿಂದಾಗಿ, ಯೇವಲಾ ದಾಟಿ ವೈಜಾಪುರ ಹತ್ತಿರವಾದಂತೆ ಎರಡೂ ಬದಿ ಬಿರುಕು ಬಿಟ್ಟ ಕಪ್ಪು ಮಣ್ಣು, ಬೋಳು ದಿಬ್ಬ. 'ಇಲ್ಲಿನ ರೈತರ ಭವಿಷ್ಯ ಬ್ಲೀಕ್' ಎಂದುಬಿಟ್ಟೆ. ಇಂಗ್ಲಿಷ್ ಪತ್ರಿಕೆ ಓದಿ ಬಂದ ಅಭ್ಯಾಸ.

ಪಕ್ಕದಲ್ಲಿದ್ದ ಸಹೋದ್ಯೋಗಿ ಅದೇ ತಾಲ್ಲೂಕಿನ ರೈತನ ಮಗ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: 'ಹೊಲ ಭಕಾಸ್ ಆಗಿದೆ, ನಿಜ. ಭವಿಷ್ಯದ ಮಾತು ಬೇರೆ. ಅಪ್ಪ ಹತ್ತಿ ಬೀಜಕ್ಕೆ ದುಡ್ಡು ತೆಗೆದಿಟ್ಟಿದ್ದಾರೆ.' ನನಗೆ ನಾಚಿಕೆಯಾಯಿತು.

ರಾತ್ರಿ ನಿಘಂಟು ತೆರೆದೆ. ಬ್ಲೀಕ್ ಮೊದಲು ಬಣ್ಣದ ಪದ, ಬಿಳಿಚಿಕೊಂಡದ್ದು ಎಂದರ್ಥ. ಬಟ್ಟೆಗೆ ಹಾಕುವ ಬ್ಲೀಚ್ ಅದರ ದಾಯಾದಿ. ಆಮೇಲೆ ಮರ-ಮರೆಯಿಲ್ಲದೆ ಗಾಳಿಗೆ ಒಡ್ಡಿಕೊಂಡ ಬಯಲಿಗೆ, ಮಂಕು ಹವೆಗೆ, ಕೊನೆಗೆ ಭವಿಷ್ಯಕ್ಕೂ ಅಂಟಿಕೊಂಡಿತು. ಡಿಕನ್ಸ್ 1852–53ರಲ್ಲಿ ಕಂತುಗಳಾಗಿ ಬರೆದ 'ಬ್ಲೀಕ್ ಹೌಸ್' ಮುಗಿಯದ ಕೋರ್ಟ್ ವ್ಯಾಜ್ಯದ ಕಥೆ. ತಮಾಷೆಯೆಂದರೆ, ಆ ಹೆಸರಿನ ಮನೆಯೊಳಗೆ ಪ್ರೀತಿಗೆ ಕೊರತೆಯಿಲ್ಲ.

ಮರಾಠಿಯ ಭಕಾಸ್‌ಗೆ ನಮ್ಮ 'ಬಿಕೋ ಅನ್ನುವುದು' ಸರಿಯಾದ ಜೋಡಿ. ಮಕ್ಕಳು ಊರಿಗೆ ಹೋದರೆ ಮನೆ ಬಿಕೋ ಅನ್ನುತ್ತದೆ. ಬೇಸಿಗೆಯಲ್ಲಿ ಕೆರೆ ಭಣಗುಡುತ್ತದೆ. ಆದರೆ 'ಭವಿಷ್ಯ ಬಿಕೋ ಅನ್ನುತ್ತಿದೆ' ಎಂದು ಯಾರೂ ಹೇಳುವುದಿಲ್ಲ. ಬಿಕೋ ಎನ್ನುವುದು ಇವತ್ತು ಕಣ್ಣಿಗೆ ಕಂಡದ್ದು. ಬ್ಲೀಕ್ ಹಾಗಲ್ಲ, ಹೊಲಕ್ಕೆ ಹೇಳಿದರೆ ವರ್ಣನೆ, ಬದುಕಿಗೆ ಹೇಳಿದರೆ ತೀರ್ಪು.

ಮರಾಠವಾಡದ ಕಷ್ಟ ಸುಳ್ಳಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಆದರೂ ಜೂನ್ ಬಂದರೆ ಜನ ಬಿತ್ತುತ್ತಾರೆ. ಗೋದಾವರಿ ಹುಟ್ಟುವುದು ನಾಶಿಕ ಜಿಲ್ಲೆಯ ತ್ರ್ಯಂಬಕದಲ್ಲಿ. ಅದೇ ನೀರು ಪೈಠಣದ ಜಾಯಕವಾಡಿ ಅಣೆಕಟ್ಟೆ ಸೇರಿ ಸಂಭಾಜಿನಗರದ ನಲ್ಲಿಗೆ ಬರುತ್ತದೆ.

ಈಗ ನಾಶಿಕದಲ್ಲಿ ಜೋರು ಮಳೆ ಹಿಡಿದರೆ ನಾನು ಟ್ರಾಫಿಕ್ಕಿಗೆ ಬೈಯುತ್ತೇನೆ, ಅವನು ಕಿಟಕಿಯ ಬಳಿ ಹೋಗಿ ಅಪ್ಪನಿಗೆ ಫೋನ್ ಮಾಡುತ್ತಾನೆ. ಪ್ರಾಜೆಕ್ಟ್ ವರದಿಯಲ್ಲಿ ಬ್ಲೀಕ್ ಎಂದು ಬರೆಯುವ ಮೊದಲೂ ಈಚೆಗೆ ಒಮ್ಮೆ ಕೇಳಿಕೊಳ್ಳುತ್ತೇನೆ: ಇದು ಕಂಡದ್ದೋ, ನಾನೇ ಕೊಟ್ಟ ತೀರ್ಪೋ?