ಇಷ್ಟ್ವಾನ್ ಎಂಬ ಹೆಸರು

ಹಂಗೇರಿ ದೇಶದ ಗಂಡುಹೆಸರುಗಳಲ್ಲಿ ‘ಇಷ್ಟ್ವಾನ್’ ಎಂಬುದು ಬಹು ಹಳೆಯದು, ಬಹು ಬಳಕೆಯದು. ಕೇಳಿದೊಡನೆ ನಮ್ಮ ಕಿವಿಗೆ ‘ಇಷ್ಟ’ವೆಂಬ ಸಂಸ್ಕೃತ ಶಬ್ದದಂತೆ ತೋರುವುದಾದರೂ ಇವೆರಡಕ್ಕೂ ಯಾವ ನಂಟೂ ಇಲ್ಲ. ಗ್ರೀಕರ ‘ಸ್ಟೆಫಾನೋಸ್’ ಎಂಬ ಮಾತೇ ಇದರ ಮೂಲ. ಅದಕ್ಕೆ ಮುಡಿಮಾಲೆ, ಕಿರೀಟ ಎಂದರ್ಥ. ಅರ್ಜುನನನ್ನು ನಾವು ಕಿರೀಟಿಯೆಂದು ಕರೆಯುವುದನ್ನು ವಾಚಕರು ನೆನೆಯಬಹುದು. ಕ್ರೈಸ್ತಮತಕ್ಕಾಗಿ ಕಲ್ಲೇಟು ತಿಂದು ಮೊಟ್ಟಮೊದಲು ಪ್ರಾಣತೆತ್ತ ಸಂತನ ಹೆಸರೂ ಇದೇ. ಜರ್ಮನರ ಮೂಲಕ ಹಂಗೇರಿಯನ್ನು ಸೇರಿದಾಗ ಈ ಹೆಸರು ತುಸು ಮಾರ್ಪಟ್ಟಿತು. ಶಬ್ದದ ಮೊದಲಲ್ಲೇ ಒತ್ತಕ್ಷರ ಬಂದರೆ ಅಲ್ಲಿನವರ ಹಳೆಯ ನಾಲಗೆಗೆ ಒಗ್ಗುತ್ತಿರಲಿಲ್ಲವಾದುದರಿಂದ ಅವರು ಮುಂದೊಂದು ‘ಇ’ಕಾರವನ್ನು ಕೂಡಿಸಿಕೊಂಡರು. ನಮ್ಮ ಹಳ್ಳಿಗಳಲ್ಲಿ ಸ್ಕೂಲು ‘ಇಸ್ಕೂಲು’ ಆಗಲಿಲ್ಲವೆ, ಹಾಗೆ!

ಈ ಹೆಸರಿಗೆ ಅಲ್ಲಿ ಬೇರೂರಿಸಿದವನು ಒಬ್ಬ ಅರಸು. ಗೇಜಾ ಎಂಬ ನಾಯಕನ ಮಗನಿಗೆ ಹುಟ್ಟಿನಲ್ಲಿ ಇಟ್ಟ ಹೆಸರು ವಾಯ್ಕ್. ಅದು ತುರ್ಕಿ ಮೂಲದ ಶಬ್ದವೆಂದು ಬಲ್ಲವರ ಮತ. ಕ್ರೈಸ್ತದೀಕ್ಷೆಯಾದಾಗ ಆತನಿಗೆ ಇಷ್ಟ್ವಾನ್ ಎಂದು ಹೊಸ ಹೆಸರಾಯಿತು. ಬವೇರಿಯದ ಗೀಸೆಲಾ ಎಂಬ ರಾಜಕುಮಾರಿಯು ಆತನ ಕೈಹಿಡಿದಳು. ಹೆಸರು ಬದಲಾದುದು ಬರಿಯ ಶಾಸ್ತ್ರವಾಗಿರಲಿಲ್ಲ. 997ರಲ್ಲಿ ಗೇಜಾ ತೀರಿಕೊಳ್ಳಲು, ಕೊಪ್ಪಾನ್ ಎಂಬ ದಾಯಾದಿಯು ಎದ್ದುನಿಂತನು. ಮನೆತನದಲ್ಲಿ ಹಿರಿಯನಾದವನಿಗೆ ನಾಯಕತ್ವವೂ, ಸತ್ತವನ ವಿಧವೆಯೂ ಸಲ್ಲತಕ್ಕುದೆಂಬುದು ಹಳೆಯ ಕಟ್ಟಳೆ. ಮಗನಿಗೇ ಪಟ್ಟವೆಂಬುದು ಹೊಸದು. ಕೊಪ್ಪಾನನ ವಾದವು ಅವನ ಹಿರಿಯರ ದೃಷ್ಟಿಯಲ್ಲಿ ಅನ್ಯಾಯವಾಗಿರಲಿಲ್ಲವೆಂದೇ ನಮಗೆ ತೋರುತ್ತದೆ. ಆದರೆ ಯುದ್ಧದಲ್ಲಿ ಅವನು ಮಡಿದನು. ಅವನ ದೇಹವನ್ನು ನಾಲ್ಕು ತುಂಡುಮಾಡಿ ನಾಲ್ಕು ಕೋಟೆಗಳಲ್ಲಿ ತೂಗುಹಾಕಿಸಿದರೆಂದು ಅಲ್ಲಿಯ ಹಳೆಯ ಚರಿತ್ರೆಗಳು ಹೇಳುತ್ತವೆ.

1000ನೆಯ ವರ್ಷ ಕಳೆದು 1001 ಮೊದಲಾಗುವ ಸಂಧಿಯಲ್ಲಿ ಇಷ್ಟ್ವಾನನಿಗೆ ಪಟ್ಟಾಭಿಷೇಕವಾಯಿತು. ಕಿರೀಟವೆಂಬ ಹೆಸರಿನವನು ಹಂಗೇರಿಯ ಮೊದಲ ಕಿರೀಟಧಾರಿಯಾದನು. ಆದರೆ ಮಗನಿಗಾಗಿ ಇಷ್ಟೆಲ್ಲ ಕಾದಿಟ್ಟ ಗದ್ದುಗೆ ಮಗನಿಗೆ ದಕ್ಕಲಿಲ್ಲ. ರಾಜಪುತ್ರ ಇಮ್ರೆಯು 1031ರಲ್ಲಿ ಬೇಟೆಗೆ ಹೋಗಿ ಅಳಿದನು. ದಾಯಾದಿಯಾದ ವಾಜುಲನಿಗೆ ರಾಜ್ಯ ಸೇರಬಾರದೆಂದು ಅವನ ಕಣ್ಣು ಕೀಳಿಸಲಾಯಿತು. 1038ರಲ್ಲಿ ಅರಸನು ಕಣ್ಮುಚ್ಚಿದ ಮೇಲೆ ಕೆಲಕಾಲದೊಳಗೇ ಅದೇ ವಾಜುಲನ ಮಕ್ಕಳು ಮರಳಿ ಬಂದು ಆಳಿದರು. ವಾಜುಲನ ಮೊಮ್ಮಗನಾದ ಲಾಸ್ಲೋ ಆಳುತ್ತಿದ್ದಾಗಲೇ, 1083ರ ಆಗಸ್ಟ್ 20ರಂದು, ಇಷ್ಟ್ವಾನನನ್ನು ಸಂತನೆಂದು ಸಾರಲಾಯಿತು!

ಆ ದಿನವು ಇಂದಿಗೂ ಹಂಗೇರಿಯ ರಾಷ್ಟ್ರೀಯ ಹಬ್ಬ. ಇಷ್ಟ್ವಾನ್ ಹೆಸರಿನ ಹಲವರಿಗೆ ನಾಮದಿನವೂ ಅದೇ. ಅಲ್ಲಿ ಹುಟ್ಟುಹಬ್ಬದಂತೆ ಹೆಸರಿನ ಹಬ್ಬವನ್ನೂ ಆಚರಿಸುವುದು ವಾಡಿಕೆ. ಕಮ್ಯೂನಿಸ್ಟರ ಆಳ್ವಿಕೆಯಲ್ಲಿ ಈ ಹಬ್ಬವನ್ನು ರಾಜ್ಯಾಂಗದ ದಿನವೆಂದೂ, ಹೊಸ ಗೋದಿಯ ರೊಟ್ಟಿಯ ಹಬ್ಬವೆಂದೂ ಕರೆದರು. ಹೊಸ ರೊಟ್ಟಿಯ ಪದ್ಧತಿ ಇನ್ನೂ ಉಳಿದಿದೆ. ಆತನ ಹೆಸರಿನ ಕಿರೀಟವು ಎರಡನೆಯ ಮಹಾಯುದ್ಧದ ಕೊನೆಗೆ ಅಮೆರಿಕನರ ವಶವಾಗಿ 1978ರಲ್ಲಿ ಹಿಂದಿರುಗಿತು. ಅದು ಆತನ ತಲೆಯ ಮೇಲಿದ್ದುದಲ್ಲ, ಅನಂತರದ ಕಾಲದ್ದೆಂದು ವಿದ್ವಾಂಸರು ಹೇಳುತ್ತಾರೆ.

ಹಂಗೇರಿಯನರು ನಮ್ಮಲ್ಲಿ ಹಲವರಂತೆ ಮನೆತನದ ಹೆಸರನ್ನು ಮೊದಲು ಹೇಳಿ ಸ್ವಂತ ಹೆಸರನ್ನು ಕೊನೆಗೆ ಹೇಳುವರು. ಅಲ್ಲಿನ ವಿದ್ವತ್ಪರಿಷತ್ತಿಗೆ 1825ರಲ್ಲಿ ತನ್ನ ಒಂದು ವರ್ಷದ ಆದಾಯವನ್ನು ಕೊಡಮಾಡಿದ ದೇಶಭಕ್ತನು ಅವರ ಬಾಯಲ್ಲಿ ಸೇಚೆನ್ಯಿ ಇಷ್ಟ್ವಾನ್. ಮನೆಯೊಳಗೆ ಮಾತ್ರ ಈ ರಾಜಗಂಭೀರ ನಾಮವು ಮುದ್ದಿನಿಂದ ‘ಪಿಷ್ಟ’ ಆಗಿಬಿಡುತ್ತದೆ. ನಮ್ಮ ಅಡುಗೆಮನೆಯವರು ನಗಬಾರದು! ವಾಯ್ಕ್ ಎಂಬ ಹೆಸರೂ ಸತ್ತಿಲ್ಲ, ಕೊಪ್ಪಾನನದೂ ಸತ್ತಿಲ್ಲ. ಈ ಎರಡನ್ನೂ ಅಲ್ಲಿಯ ತಾಯಂದಿರು ಈಗಲೂ ಗಂಡುಮಕ್ಕಳಿಗೆ ಇಡುತ್ತಾರೆ.