ಸ್ಪೇನ್‌ನಲ್ಲಿ ಬೇಸಿಗೆ ಕೆಲಸ, ಇಂಗ್ಲಿಷ್ ಬಂದ್ರೆ ಸಾಕಂತೆ! ಪಾಸ್‌ಪೋರ್ಟ್ ಕೈಗೆ ಕೊಡೋ ಮುಂಚೆ ಇದನ್ನ ಓದಿ

ಬಳ್ಳಾರಿ: ಡಿಗ್ರಿ ಪರೀಕ್ಷೆ ಮುಗಿದು, ಕಾಲುವೆ ನೀರು ನಿಂತ ಮೇಲೆ ಸಿರುಗುಪ್ಪ, ಕುರುಗೋಡು ಕಡೆ ಎಷ್ಟೋ ಹುಡುಗರ ಕೈಗೆ ಕೆಲಸ ಇರೋದಿಲ್ಲ. ಮೊಬೈಲ್‌ನಲ್ಲಿ ರೀಲ್ಸ್ ನೋಡ್ತಾ ಕೂತಾಗ ಇಂಥದ್ದೊಂದು ಕಣ್ಣಿಗೆ ಬೀಳುತ್ತೆ: ಸ್ಪೇನ್‌ನಲ್ಲಿ ಮೂರು ತಿಂಗಳು ಸ್ಟ್ರಾಬೆರಿ ಬಿಡಿಸೋ ಕೆಲಸ, ಊಟ, ರೂಮು ಫ್ರೀ, ಸ್ಪ್ಯಾನಿಷ್ ಬೇಕಿಲ್ಲ, ಸ್ವಲ್ಪ ಇಂಗ್ಲಿಷ್ ಬಂದ್ರೆ ಸಾಕು. ಅಡ್ವಾನ್ಸ್ ಮಾತ್ರ ಇವತ್ತೇ ಹಾಕಬೇಕು.

ಭಾಷೆ ಬಾರದಿದ್ರೆ ನಡೆಯುತ್ತಾ ಅಂತ ಎಲ್ಲರೂ ಮೊದಲು ಕೇಳ್ತಾರೆ. ಅದಕ್ಕಿಂತ ಮುಂಚೆ ಕೇಳಬೇಕಾದ್ದು ಬೇರೆ ಇದೆ. ಕೊಡಿಸೋ ವೀಸಾದಲ್ಲಿ ಕೆಲಸ ಮಾಡೋಕೆ ಅನುಮತಿ ಇದೆಯಾ?

ಸ್ಪೇನ್‌ನ ಹುವೆಲ್ವಾ ಪ್ರಾಂತ್ಯದಲ್ಲಿ ಸ್ಟ್ರಾಬೆರಿ ಬೆಳೆಯೋದು ನಿಜ. ಹೊರಗಿನಿಂದ ಕೂಲಿಯವರನ್ನ ಕರೆಸೋದೂ ನಿಜ. ಆದರೆ ಅದು ಸರ್ಕಾರದ ವ್ಯವಸ್ಥೆಯಲ್ಲಿ, ಅವರವರ ಊರಲ್ಲೇ ಕರಾರು ಮಾಡಿಸಿ ನಡೆಯುತ್ತೆ. ಬರೋರಲ್ಲಿ ಹೆಚ್ಚಿನವರು ಮೊರಾಕೊದ ಹೆಣ್ಣುಮಕ್ಕಳು, ಜೊತೆಗೆ ಕೊಲಂಬಿಯಾ, ಈಕ್ವೆಡಾರ್, ಹೊಂಡುರಾಸ್‌ನಂಥ ದೇಶದವರು. ಈ ಕೊನೆಯ ಮೂರೂ ದೇಶದವರ ಮಾತೇ ಸ್ಪ್ಯಾನಿಷ್. ಅವರನ್ನೆಲ್ಲ ಬಿಟ್ಟು ಕುರುಗೋಡಿನ ಹುಡುಗನನ್ನ ಹುಡುಕಿಕೊಂಡು ಯಾರು ಬರ್ತಾರೆ?

ಹಾಗಾಗಿ ಏಜೆಂಟ್ ಕೊಡಿಸೋದು ಬಹುತೇಕ ಟೂರಿಸ್ಟ್ ವೀಸಾ. ಷೆಂಗೆನ್ ವೀಸಾ ಅನ್ನೋ ಇದರಲ್ಲಿ 180 ದಿನಕ್ಕೆ 90 ದಿನ ಇರಬಹುದು, ದುಡಿಯೋ ಹಾಗಿಲ್ಲ. ದುಡಿದು ಸಿಕ್ಕಿಬಿದ್ರೆ ವಾಪಸ್ ಕಳಿಸ್ತಾರೆ, ಮತ್ತೆ ಬರದ ಹಾಗೆ ನಿಷೇಧ ಹಾಕ್ತಾರೆ. ಮಾಲೀಕ ಸಂಬಳ ಕೊಡದಿದ್ರೆ ಪೊಲೀಸ್ ಹತ್ತಿರ ಹೋಗೋಕೂ ಭಯ.

ಓದೋಕೆ ಬಾರದ ಕರಾರು

ಮಾತು ಕಲಿಯೋದು ನಮ್ಮ ಗಡಿ ಊರಿನವರಿಗೆ ದೊಡ್ಡದಲ್ಲ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಡಿ ಕಟ್ಟೆ ಮೇಲೆ ನಡೆಯೋ ಜಿಲ್ಲೆ ಇದು. ಅಪಾಯ ಇರೋದು ಸಹಿ ಹಾಕೋ ಕಾಗದದಲ್ಲಿ. ಪಕ್ಕದ ಕಲಬುರಗಿಯ ಯುವಕರನ್ನ ಸೆಕ್ಯುರಿಟಿ, ಹೆಲ್ಪರ್ ಕೆಲಸ ಅಂತ ರಷ್ಯಾಕ್ಕೆ ಕರೆದೊಯ್ದು, ರಷ್ಯನ್ ಭಾಷೆಯ ಕರಾರಿಗೆ ಸಹಿ ಹಾಕಿಸಿ ಉಕ್ರೇನ್ ಯುದ್ಧಭೂಮಿಗೆ ದೂಡಿದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಿತ್ತು. ಅವರು ಊರಿಗೆ ಮರಳುವಷ್ಟರಲ್ಲಿ ಸೆಪ್ಟೆಂಬರ್ ಆಗಿತ್ತು. ಕರಾರು ಇಂಗ್ಲಿಷ್‌ನಲ್ಲೂ ಇರಲಿ ಅಂತ ಕೇಳಿ. ಕೊಡಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ.

ಇಂಗ್ಲಿಷ್ ಬರೋರಿಗೆ ನೆಟ್ಟಗಿನ ದಾರಿ

ಎರಡಿವೆ. ಆಸ್ಟ್ರೇಲಿಯಾದ ‘ವರ್ಕ್ ಅಂಡ್ ಹಾಲಿಡೇ’ ವೀಸಾ (462) ಭಾರತೀಯರಿಗೆ 2024ರಲ್ಲಿ ತೆರೆಯಿತು. ವರ್ಷಕ್ಕೆ 1,000 ಜನ, ವಯಸ್ಸು 18ರಿಂದ 30, ಪಿಯುಸಿ ನಂತರ ಕನಿಷ್ಠ ಎರಡು ವರ್ಷದ ಓದು, ಸಾಧಾರಣ ಇಂಗ್ಲಿಷ್. ಹೆಸರು ನೋಂದಣಿಗೆ 25 ಆಸ್ಟ್ರೇಲಿಯನ್ ಡಾಲರ್. ಮೊದಲ ಸಲ ಸುಮಾರು 40 ಸಾವಿರ ಜನ ಹೆಸರು ಕೊಟ್ಟಿದ್ದರು.

ಇನ್ನೊಂದು ಬ್ರಿಟನ್‌ನ ‘ಯಂಗ್ ಪ್ರೊಫೆಷನಲ್ಸ್’ ಯೋಜನೆ. ವಯಸ್ಸು ಅಷ್ಟೇ, ಡಿಗ್ರಿ ಬೇಕು, 2 ವರ್ಷ ಇದ್ದು ದುಡಿಯಬಹುದು. ಲಾಟರಿಗೆ ಹೆಸರು ಕೊಡೋದು ಉಚಿತ. ಹೆಸರು ಬಂದ್ರೆ ಮಾತ್ರ 2,530 ಪೌಂಡ್ ಅಕೌಂಟ್‌ನಲ್ಲಿ 28 ದಿನ ಇರಬೇಕು. ವೀಸಾ ಮತ್ತು ಆರೋಗ್ಯ ಶುಲ್ಕ ಬೇರೆ. ಬಡವರ ಮನೆ ಹುಡುಗರಿಗೆ ಇದು ಸುಲಭ ಅಲ್ಲ ಅನ್ನೋದನ್ನ ಒಪ್ಪಬೇಕು. ಎರಡರಲ್ಲೂ ಸಿಗೋದು ಅನುಮತಿ ಮಾತ್ರ, ಕೆಲಸ ನೀವೇ ಹುಡುಕಬೇಕು. ಕಂಪ್ಯೂಟರ್ ಎತ್ತೋ ಲಾಟರಿಯಲ್ಲಿ ಹೆಸರು ಬರೋ ಹಾಗೆ ಮಾಡ್ತೀನಿ ಅಂತ ದುಡ್ಡು ಕೇಳೋನು ಸುಳ್ಳು ಹೇಳ್ತಿದ್ದಾನೆ.

ಗಲ್ಫ್‌ಗೆ ಹೋಗೋರಿಗೆ

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತೆ. ಅಂಥವರು ಸೌದಿ, ಕುವೈತ್, ಒಮಾನ್, ದುಬೈ ಸೇರಿ 18 ದೇಶಗಳಿಗೆ ದುಡಿಯೋಕೆ ಹೋಗಬೇಕಾದ್ರೆ ಕೇಂದ್ರ ಸರ್ಕಾರದ ವಲಸೆ ಅನುಮತಿ ಕಡ್ಡಾಯ. ಏಜೆಂಟ್ ಗರಿಷ್ಠ 30,000 ರೂ. ಮತ್ತು ಅದರ ಮೇಲೆ ಜಿಎಸ್‌ಟಿ ಪಡೆಯಬಹುದು, ರಸೀದಿ ಕೊಡಲೇಬೇಕು. ಏಜೆಂಟ್ ಲೈಸೆನ್ಸ್ ಅಸಲಿಯಾ ಅಂತ ‘ಇ-ಮೈಗ್ರೇಟ್’ ವೆಬ್‌ಸೈಟ್‌ನಲ್ಲಿ ಎರಡು ನಿಮಿಷದಲ್ಲಿ ನೋಡಬಹುದು.

ಅಂಗಡಿಯವರಿಗೂ ಒಂದು ಮಾತು. ಝೆರಾಕ್ಸ್, ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ಫಾರಿನ್ ಕೆಲಸದ ಪೋಸ್ಟರ್ ಅಂಟಿಸಿ, ಕಮಿಷನ್‌ಗೆ ಪಾಸ್‌ಪೋರ್ಟ್ ಕೂಡಿಸಿಕೊಡೋದು ಸಣ್ಣ ವ್ಯವಹಾರದ ಥರ ಕಾಣುತ್ತೆ. 1983ರ ವಲಸೆ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದ ಸಬ್ ಏಜೆಂಟ್‌ಗೆ ಜಾಗವೇ ಇಲ್ಲ. ಕೇಸ್ ಆದ್ರೆ ಬೆಂಗಳೂರಿನ ಏಜೆಂಟ್ ಫೋನ್ ಸ್ವಿಚ್ ಆಫ್ ಮಾಡ್ತಾನೆ, ಜನ ಬರೋದು ನಿಮ್ಮ ಅಂಗಡಿ ಬಾಗಿಲಿಗೆ. ಟಿಕೆಟ್ ಬುಕ್ ಮಾಡೋ ಟ್ರಾವೆಲ್ಸ್‌ನವರಿಗೂ ಕೆಲಸ ಕೊಡಿಸೋ ಲೈಸೆನ್ಸ್ ತಾನಾಗೇ ಬರೋದಿಲ್ಲ.

ಅನುಮಾನ ಇದ್ರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800-11-3090ಕ್ಕೆ ಕರೆ ಮಾಡಿ. ಆನ್‌ಲೈನ್‌ನಲ್ಲಿ ದುಡ್ಡು ಹಾಕಿ ಮೋಸ ಹೋಗಿದ್ರೆ ತಡಮಾಡದೆ 1930ಕ್ಕೆ ತಿಳಿಸಿ. ಬೇಗ ಹೇಳಿದಷ್ಟೂ ಆ ಹಣ ಬ್ಯಾಂಕ್‌ನಲ್ಲೇ ತಡೆಹಿಡಿಯೋ ಸಾಧ್ಯತೆ ಹೆಚ್ಚು.