ವಿಶ್ವಾಸವೂ ಹಂಚಿನ ಮಾಡೂ

ನಿಮ್ಮ ಮನೆಗೆ ಮಂಗಳೂರು ಹಂಚು ಹೊದಿಸಿದ್ದರೆ ಒಂದು ಸಲ ತಲೆಯೆತ್ತಿ ನೋಡಿ. ಕ್ರೈಸ್ತರ ವಿಶ್ವಾಸವೆಂದರೆ ಚರ್ಚಿನ ಪ್ರಾರ್ಥನೆ, ಭಾನುವಾರದ ಉಪದೇಶ ಎಂದಷ್ಟೇ ನಾವು ತಿಳಿಯುವುದುಂಟು. ವಾರದ ಉಳಿದ ಆರು ದಿನ ಅದು ಏನು ಮಾಡಿತೆಂಬುದಕ್ಕೆ ಈ ಹಂಚೂ ಒಂದು ಉತ್ತರ.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮಾತು ನಂಬಿ ದೀಕ್ಷಾಸ್ನಾನ ಪಡೆದ ಅನೇಕರಿಗೆ ಮನೆ ಹೋಯಿತು, ನೆಂಟರು ದೂರವಾದರು, ಕುಲಕಸುಬೂ ತಪ್ಪಿತು. ಪರಲೋಕದ ನಿರೀಕ್ಷೆಯನ್ನು ಕೊಟ್ಟವರು ಇಹದ ಗಂಜಿಗೆ ಏನು ದಾರಿ ತೋರಿಸಬೇಕು? ದಾನದಿಂದ ಸಾಕಿದರೆ ಮನುಷ್ಯ ಕುಗ್ಗುತ್ತಾನೆ. ಕೆಲಸ ಕೊಟ್ಟರೆ ಹೊಟ್ಟೆಗಾಗಿ ಮತ ಬಿಟ್ಟನೆಂಬ ಮಾತು ಬರುತ್ತದೆ. ವ್ಯಾಪಾರಕ್ಕೆ ಕೈಹಾಕಲು ಮಿಶನ್ನಿನೊಳಗೂ ಅಳುಕಿತ್ತು. ಆದರೂ ಕೆಲಸದ ದಾರಿಯನ್ನೇ ಹಿಡಿದರು. ನನ್ನ ಮಟ್ಟಿಗೆ ಅದು ಸರಿಯೇ.

ಮೊದಲು ಅಚ್ಚುಕೂಟ, ಮಗ್ಗ. ಬಳಿಕ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಅಲ್ಲಿಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಣ್ಣನ್ನು ನಾದಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಆರಿಸಿ, ಗೂಡಿನಲ್ಲಿ ಸುಡುವುದು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವುದರಿಂದ ಕರಾವಳಿಯ ಆಷಾಢದ ಮಳೆಯೂ ಸುಲಭವಾಗಿ ಒಳಗಿಳಿಯದು. ವರ್ಷವರ್ಷವೂ ಹುಲ್ಲು ಹೊದಿಸುವ ಪಾಡು, ಬೆಂಕಿಯ ಭಯ, ಎರಡೂ ತಗ್ಗಿದವು. ಕೊಂಡವರಲ್ಲಿ ಎಲ್ಲ ಮತದವರೂ ಇದ್ದರು.

1914ರ ಮಹಾಯುದ್ಧದ ದೆಸೆಯಿಂದ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಅಷ್ಟರೊಳಗೆ ಹಂಚಿನ ವಿದ್ಯೆ ಊರಿನ ಇತರರಿಗೂ ಹಿಡಿಸಿತ್ತು. ಮಿಶನ್ನಿನ ಹೆಸರೊತ್ತಿದ ಹಳೆಯ ಹಂಚುಗಳು ಇಂದಿಗೂ ಕೆಲವು ಮಾಡುಗಳ ಮೇಲಿವೆ.